ತೋಳಿನ ಕಲೆ, ಗೋಡೆಯ ಗುರುತು

ಬೇಲೂರು, ಹಳೇಬೀಡುಗಳಿಗೆ ಬರುವ ಯಾತ್ರಿಕರು ಕಲ್ಲನ್ನು ನೋಡಲು ಬರುತ್ತಾರೆ. 2023ರ ಸೆಪ್ಟೆಂಬರ್ ತಿಂಗಳಲ್ಲಿ ಈ ಎರಡು ಊರುಗಳ ಹೊಯ್ಸಳ ದೇಗುಲಗಳು ಸೋಮನಾಥಪುರದ ದೇಗುಲದೊಂದಿಗೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ನಮ್ಮ ಸೀಮೆಯ ಎಲ್ಲ ಮತಧರ್ಮಗಳ ಜನರಿಗೂ ಹೆಮ್ಮೆ ತಂದ ಸಂಗತಿ. ಅರಸೀಕೆರೆಯಲ್ಲಿ ರೈಲಿನಿಂದ ಇಳಿಯುವವರಿಗೂ ಹೊಯ್ಸಳರ ಕಾಲದ ಶಿವಾಲಯವೊಂದಿದೆ; ಅರಸಿಯೊಬ್ಬಳು ಕಟ್ಟಿಸಿದಳೆನ್ನುವ ಕೆರೆಯಿಂದಲೇ ಊರಿಗೆ ಆ ಹೆಸರು ಬಂದಿದೆ. ಕಲ್ಲಿನಲ್ಲಿ ಕೆತ್ತಿದ ಚರಿತ್ರೆಯನ್ನು ಓದಲು ಪಂಡಿತರಿದ್ದಾರೆ. ನಾನು ಈ ಪುಟಗಳಲ್ಲಿ ಓದಲು ಯತ್ನಿಸುವುದು ಅದೇ ಊರುಗಳ ಇನ್ನೊಂದು ಬಗೆಯ ಶಾಸನಗಳನ್ನು.

ಪ್ರಿಯ ಓದುಗರೇ, ನಿಮ್ಮಲ್ಲಿ ಐವತ್ತು ದಾಟಿದವರು ದಯವಿಟ್ಟು ನಿಮ್ಮ ಮುಂದೋಳನ್ನೊಮ್ಮೆ ನೋಡಿಕೊಳ್ಳಿರಿ. ನಾಲ್ಕಾಣೆಯಷ್ಟು ಅಗಲದ, ಒಳಗೆ ತಗ್ಗಾದ, ಸುಕ್ಕುಗಟ್ಟಿದ ಒಂದೆರಡು ಕಲೆಗಳು ಅಲ್ಲಿರಬಹುದು. ಅದು ಸಿಡುಬಿನ ದಾಕು. ಭುಜದ ಕೆಳಗಿರುವ ಚಿಕ್ಕ ಕಲೆ ಬೇರೆ, ಅದು ಕ್ಷಯದ ವಿರುದ್ಧ ಹಾಕಿದ ಬಿ.ಸಿ.ಜಿ.ಯದು, ಅದನ್ನು ಇಂದಿನ ಮಕ್ಕಳ ತೋಳಿನಲ್ಲೂ ಕಾಣಬಹುದು. ಆದರೆ ದಾಕಿನ ಕಲೆ 1980ರ ನಂತರ ಹುಟ್ಟಿದವರಲ್ಲಿ ಯಾರಿಗೂ ಇಲ್ಲ. ಹಾಗೆಯೇ ಹಳೆಯ ಮಣ್ಣುಗೋಡೆಯ ಮನೆಗಳಲ್ಲಿ ಬಾಗಿಲ ಪಕ್ಕಕ್ಕೆ ಗೇರು ಬಣ್ಣದಲ್ಲಿ ಬರೆದ ಅಂಕಿಗಳು, ದಿನಾಂಕಗಳು ಇದ್ದುದನ್ನು ಹಲವರು ನೆನೆಯಬಲ್ಲರು. ಅವು ಮಲೇರಿಯಾ ಇಲಾಖೆಯವರು ಬಂದುಹೋದ ಗುರುತುಗಳು. ಈ ಗುರುತುಗಳ ಹಿಂದೆ ಒಬ್ಬೊಬ್ಬ ಮನುಷ್ಯನಿದ್ದಾನೆ. ಅವನು ಅಥವಾ ಅವಳು ಬಿಸಿಲಲ್ಲಿ ನಡೆದು ಬಂದು ಬಾಗಿಲು ತಟ್ಟಿದ್ದಾರೆ. ಬಾಗಿಲು ತೆರೆಯಿತೋ ಇಲ್ಲವೋ ಎಂಬುದೇ ನಮ್ಮ ನಾಡಿನ ಸಾರ್ವಜನಿಕ ಆರೋಗ್ಯದ ಚರಿತ್ರೆಯ ಮುಖ್ಯ ಪ್ರಶ್ನೆಯೆಂದು ನನಗೆ ತೋರುತ್ತದೆ.

ಈ ಚರಿತ್ರೆಯ ಮೊದಲ ಪುಟಗಳಲ್ಲಿ ಒಬ್ಬ ಕಥೋಲಿಕ ಗುರುವಿರುವುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಅಬ್ಬೆ ದುಬೋಯ್ ಎಂಬ ಹೆಸರನ್ನು ಗುರುಮಠದಲ್ಲಿ ನಾವು ಓದಿದ್ದು ಬೇರೆ ಕಾರಣಕ್ಕಾಗಿ. ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಅವರ ಗ್ರಂಥದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿಯವರು ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಅವರ ಮೂಲಕ ಕೊಂಡರು. 1816ರಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಯಿತು. ಫ್ರಾನ್ಸಿನಲ್ಲಿ ಹುಟ್ಟಿ, ಪ್ಯಾರಿಸ್ಸಿನ ವಿದೇಶ ಮಿಷನ್ ಸಂಸ್ಥೆಯ ಗುರುವಾಗಿ ಭಾರತಕ್ಕೆ ಬಂದ ಜೀನ್ ಆಂಟೊಯ್ನ್ ದುಬೋಯ್, 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ನಂತರ ಮೈಸೂರು ಸೀಮೆಯ ಚದುರಿಹೋಗಿದ್ದ ಕ್ರೈಸ್ತ ಸಮುದಾಯವನ್ನು ಒಟ್ಟುಗೂಡಿಸಲು ಬಂದವರು. ಈ ನಾಡಿನವರಂತೆಯೇ ಉಟ್ಟು, ಈ ನಾಡಿನವರಂತೆಯೇ ಉಂಡು ಬಾಳಿದರು. ಜನ ಅವರನ್ನು 'ದೊಡ್ಡ ಸ್ವಾಮಿಯವರು' ಎಂದು ಕರೆಯುತ್ತಿದ್ದರು. ಹಾಸನದ ಸಮೀಪ ಇಂಗ್ಲಿಷ್ ಬರಹಗಳಲ್ಲಿ 'ಸಾಥಳ್ಳಿ' ಎಂದು ಕಾಣಿಸಿಕೊಳ್ಳುವ ಊರಿನ ಸುತ್ತ ಬಡ ಕ್ರೈಸ್ತ ಒಕ್ಕಲುಗಳಿಗೆ ಬೇಸಾಯದ ನೆಲೆ ಕಲ್ಪಿಸಿದರು. (ಗೊರೂರಿನ ಹಿನ್ನೀರಿನಲ್ಲಿ ಮುಳುಗಿ ಏಳುವ ಶೆಟ್ಟಿಹಳ್ಳಿಯ ಚರ್ಚನ್ನು ಅವರೇ ಕಟ್ಟಿಸಿದರೆಂದು ಪ್ರವಾಸಿಗರಿಗೆ ಹೇಳುವುದುಂಟು. ಅವರು 1823ರಲ್ಲೇ ಭಾರತ ಬಿಟ್ಟವರು. ಆ ಚರ್ಚು 1860ರ ದಶಕದ್ದು. ಪಾಳುಬಿದ್ದ ಕಟ್ಟಡಕ್ಕೆ ಪ್ರಸಿದ್ಧ ಹೆಸರೊಂದು ಬೇಗ ಅಂಟಿಕೊಳ್ಳುತ್ತದೆ.)

ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಗೋಸಿಡುಬಿನ ಕೀವನ್ನು ಹಾಕಿ ಮನುಷ್ಯರ ಸಿಡುಬನ್ನು ತಡೆಯಬಹುದೆಂದು 1796ರಲ್ಲಿ ತೋರಿಸಿದ್ದ. ಆ ದಾಕು ಭಾರತದಲ್ಲಿ ಮೊದಲು ಹತ್ತಿದ್ದು 1802ರ ಜೂನ್ 14ರಂದು, ಮುಂಬೈಯಲ್ಲಿ ಮೂರು ವರ್ಷದ ಹೆಣ್ಣುಮಗುವೊಂದಕ್ಕೆ. ಅದಾದ ಮರುವರ್ಷವೇ ಮೈಸೂರು ಸೀಮೆಯಲ್ಲಿ ದುಬೋಯ್ ಆ ಕೆಲಸಕ್ಕೆ ಕೈಹಾಕಿದರು. 1803-04ರಲ್ಲಿ, ಸುಮಾರು ಎಂಟು ತಿಂಗಳ ಅವಧಿಯಲ್ಲಿ, ಅವರು ದಾಕು ಹಾಕಿಸಿ ದಾಖಲೆ ಇಟ್ಟವರ ಸಂಖ್ಯೆ 25,432.

ಈ ಸಂಖ್ಯೆಯ ತೂಕ ತಿಳಿಯಬೇಕಾದರೆ ಅಂದಿನ ಕ್ರಮವನ್ನು ಅರಿಯಬೇಕು. ಶೀತಪೆಟ್ಟಿಗೆ ಇರಲಿಲ್ಲ, ಸೀಸೆಯಲ್ಲಿ ಕೂಡಿಟ್ಟ ಲಸಿಕೆ ಇರಲಿಲ್ಲ. ಒಂದು ಮಗುವಿನ ತೋಳಿಗೆ ಹಾಕಿದ ದಾಕು ಎಂಟನೆಯ ದಿನದ ಹೊತ್ತಿಗೆ ಬೊಕ್ಕೆಯಾಗಿ ನೀರು ತುಂಬಿಕೊಳ್ಳುತ್ತಿತ್ತು. ಆ ನೀರನ್ನು ಸೂಜಿಯ ಮೊನೆಯಲ್ಲಿ ತೆಗೆದು ಮುಂದಿನ ಮಗುವಿನ ತೋಳಿಗೆ ಹಾಕಬೇಕು. ಹೀಗೆ ತೋಳಿನಿಂದ ತೋಳಿಗೆ, ಹಳ್ಳಿಯಿಂದ ಹಳ್ಳಿಗೆ ಅದು ನಡೆದುಬರಬೇಕಿತ್ತು. ಸರಪಳಿ ಒಂದು ಕಡೆ ತುಂಡಾದರೆ ಮತ್ತೆ ಮೊದಲಿನಿಂದ. ತನ್ನ ಕೂಸಿನ ಗಾಯದ ನೀರನ್ನು ಅನ್ಯರ ಕೂಸಿಗೆ ಕೊಡಲು ಒಪ್ಪುವ ತಾಯಿ ಬೇಕು. ಯಾರ ಮನೆಯದು, ಯಾವ ಜಾತಿಯದು ಎಂದು ಕೇಳದೆ ಅದನ್ನು ಪಡೆಯುವ ಇನ್ನೊಬ್ಬ ತಾಯಿಯೂ ಬೇಕು. ಅಂದಿನ ಸಮಾಜದಲ್ಲಿ ಅದೆಷ್ಟು ಕಠಿಣವಾಗಿತ್ತೆಂಬುದನ್ನು ವಿವರಿಸಬೇಕಿಲ್ಲ. ಸಿಡುಬನ್ನು ಜನ 'ಅಮ್ಮ' ಎಂದು ಕರೆಯುತ್ತಿದ್ದರು. ಅಮ್ಮ ಬಂದ ಮನೆಗೆ ಬೇವಿನ ಸೊಪ್ಪು ಕಟ್ಟಿ, ಹೊರಗಿನವರು ಬಾರದಂತೆ ನೋಡಿಕೊಂಡು, ರೋಗಿಯನ್ನು ತಂಪಾದ ಕಡೆ ಮಲಗಿಸುತ್ತಿದ್ದರು. ನಾವು ಅದನ್ನು ಮೂಢನಂಬಿಕೆಯೆಂದು ನಗುವ ಮೊದಲು, ರೋಗಿಯನ್ನು ಬೇರೆಯಿಟ್ಟು ಆರೈಕೆ ಮಾಡುವ ಜಾಣ್ಮೆಯೂ ಅದರಲ್ಲಿತ್ತೆಂಬುದನ್ನು ಗಮನಿಸುವುದು ಒಳಿತು.

ಮೈಸೂರು ಅರಮನೆಯೂ ಈ ಕಾರ್ಯದಲ್ಲಿ ಹಿಂದುಳಿಯಲಿಲ್ಲ. ಥಾಮಸ್ ಹಿಕ್ಕಿ ಎಂಬ ಚಿತ್ರಕಾರ 1805ರ ಸುಮಾರಿಗೆ ಬರೆದ ಮೂವರು ರಾಜಸ್ತ್ರೀಯರ ಚಿತ್ರವೊಂದಿದೆ. ಅದರಲ್ಲಿ ಬಲಗಡೆಯ ಕಿರಿಯ ಅರಸಿ ಸೀರೆಯ ಸೆರಗನ್ನು ಸರಿಸಿ ತನ್ನ ತೋಳನ್ನು ತೋರಿಸುತ್ತಿದ್ದಾಳೆ. ಅದು ದಾಕು ಹಾಕಿಸಿಕೊಂಡ ತೋಳು, ಪ್ರಜೆಗಳ ಭಯ ಹೋಗಲಾಡಿಸಲೆಂದೇ ಬರೆಸಿದ ಚಿತ್ರ ಎಂದು ಇತಿಹಾಸಕಾರ ನೈಜಲ್ ಚಾನ್ಸೆಲರ್ ಅಭಿಪ್ರಾಯಪಟ್ಟಿದ್ದಾರೆ. ಆ ಅಭಿಪ್ರಾಯ ಸರಿಯಾದರೆ, ಅರಮನೆಯ ತೋಳಿಗೂ ಒಕ್ಕಲ ಗುಡಿಸಲಿನ ತೋಳಿಗೂ ಒಂದೇ ಕಾಲದಲ್ಲಿ ಒಂದೇ ಗುರುತು ಬಿದ್ದಂತಾಯಿತು.

ದುಬೋಯ್ ಅವರ ಕುರಿತು ಇನ್ನೊಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಫ್ರಾನ್ಸಿಗೆ ಮರಳಿದಾಗ ಅವರು ತಮ್ಮ ಧರ್ಮಪ್ರಚಾರದ ಫಲದ ಬಗ್ಗೆ ತೀರ ನಿರಾಶರಾಗಿದ್ದರು. ಆ ನಿರಾಶೆಯನ್ನು ಅಚ್ಚಿನಲ್ಲೂ ಮುಚ್ಚಿಡಲಿಲ್ಲ. ಅದಕ್ಕಾಗಿ ಅನೇಕ ಮಿಷನರಿಗಳು ಅವರನ್ನು ಟೀಕಿಸಿದರು. ಆದರೆ ಈಸ್ಟ್ ಇಂಡಿಯಾ ಕಂಪನಿ ಅವರಿಗೆ ನಿವೃತ್ತಿ ವೇತನ ಕೊಟ್ಟು ಕಳುಹಿಸಿತು. ತಮ್ಮ ಸೇವೆ ವ್ಯರ್ಥವಾಯಿತೆಂದು ಕೊರಗಿದ ಆ ಗುರು, ತಾವು ಜೀವ ಉಳಿಸಿದ ಸಾವಿರಾರು ಕೂಸುಗಳನ್ನು ಲೆಕ್ಕಕ್ಕೆ ಹಿಡಿದಿದ್ದರೋ ಇಲ್ಲವೋ!

ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ತೋಳಿನಿಂದ ತೋಳಿಗೆ ಸಾಗಿಸುವ ಕ್ರಮ ಹಿಂದೆ ಸರಿದು ಕರುವಿನ ಮೈಯಿಂದ ಲಸಿಕೆ ತೆಗೆಯುವ ಕ್ರಮ ಬಂತು. ಬೆಂಗಳೂರಿನಲ್ಲಿ ಸರ್ಕಾರದ ಲಸಿಕಾ ಸಂಸ್ಥೆಯಿತ್ತು. ಅಲ್ಲಿ 1890ರ ದಶಕದಲ್ಲಿ ದುಡಿದವರಲ್ಲಿ ಡಾ. ಪದ್ಮನಾಭನ್ ಪಲ್ಪು ಒಬ್ಬರು. ಈಳವ ಜಾತಿಯವರೆಂಬ ಕಾರಣಕ್ಕೆ ತಿರುವಾಂಕೂರು ಸಂಸ್ಥಾನ ಅವರಿಗೆ ಕೆಲಸ ಕೊಡಲಿಲ್ಲ, ಮೈಸೂರು ಕೊಟ್ಟಿತು. ತವರು ನಾಡು ಬೇಡವೆಂದವರ ಕೈಯಿಂದ ನಮ್ಮ ಹಳ್ಳಿಗಳಿಗೆ ಲಸಿಕೆ ಬಂತು.

ಅಷ್ಟರಲ್ಲಿ ಇನ್ನೊಂದು ರೋಗ ರೈಲು ಹತ್ತಿ ಬಂದಿತು. 1896ರಲ್ಲಿ ಮುಂಬೈಗೆ ಬಂದ ಪ್ಲೇಗು ಹುಬ್ಬಳ್ಳಿ ಧಾರವಾಡಗಳನ್ನು ಹಿಡಿದು, 1898ರ ಆಗಸ್ಟಿನಲ್ಲಿ ಬೆಂಗಳೂರು ತಲುಪಿತು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ರೈಲುದಾರಿ ಅರಸೀಕೆರೆಯ ಮೇಲೆಯೇ ಹಾದುಹೋಗುತ್ತದೆ. ತೆಂಗು, ಕೊಬ್ಬರಿ, ಸಂತೆಯ ಸರಕುಗಳನ್ನು ದೂರದೂರಿಗೆ ಒಯ್ದು ಅರಸೀಕೆರೆಯನ್ನು ಬೆಳೆಸಿದ ಅದೇ ಹಳಿ, ಸರಕಿನ ಮೂಟೆಗಳ ನಡುವೆ ಇಲಿಯನ್ನೂ ಚಿಗಟವನ್ನೂ ಒಯ್ಯಬಲ್ಲುದಾಗಿತ್ತು.

ಪ್ಲೇಗಿನ ಕಾಲದಲ್ಲಿ ಸರ್ಕಾರದ ಕೈ ಒರಟಾಯಿತು. ರೈಲು ಪ್ರಯಾಣಿಕರ ತಪಾಸಣೆ, ಮನೆಮನೆಯ ಶೋಧ, ರೋಗಿಗಳನ್ನು ಬೇರೆ ಶಿಬಿರಕ್ಕೆ ಒಯ್ಯುವುದು, ಬಟ್ಟೆಬರೆ ಸುಡುವುದು, ಸೂರು ಕೀಳುವುದು, ಇವೆಲ್ಲ ನಡೆದವು. ಉದ್ದೇಶ ಒಳ್ಳೆಯದೇ. ಆದರೆ ಶಿಬಿರಕ್ಕೆ ಹೋದವರು ಮರಳುವುದಿಲ್ಲವೆಂಬ ಭಯದಿಂದ ಜನ ರೋಗಿಗಳನ್ನು ಅಟ್ಟದ ಮೇಲೆ ಬಚ್ಚಿಟ್ಟರು, ಹೆಣವನ್ನು ರಾತ್ರಿ ಹೂಳಿದರು. 1898ರ ನವೆಂಬರಿನಲ್ಲಿ ಶ್ರೀರಂಗಪಟ್ಟಣದ ಗಂಜಾಂನಲ್ಲಿ ಪ್ಲೇಗು ಕ್ರಮಗಳ ವಿರುದ್ಧ ಗಲಭೆಯೇ ಆಯಿತು. ಇತ್ತ ಹಳ್ಳಿಗರಿಗೆ ತಮ್ಮದೇ ಆದ ಒಂದು ಉಪಾಯ ತಿಳಿದಿತ್ತು: ಮನೆಯಲ್ಲಿ ಇಲಿ ಸತ್ತು ಬಿದ್ದೊಡನೆ ಊರು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುವುದು. ಪ್ಲೇಗನ್ನು ಹರಡುವುದು ಇಲಿಯ ಮೇಲಿನ ಚಿಗಟವೆಂದು ಪಾಲ್ ಲೂಯಿ ಸಿಮೊಂ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಕಂಡುಹಿಡಿದದ್ದು ಅದೇ 1898ರಲ್ಲಿ. ವೈದ್ಯಲೋಕ ಅದನ್ನು ಒಪ್ಪಲು ಇನ್ನೂ ಹಲವು ವರ್ಷ ಹಿಡಿಯಿತು. ನಮ್ಮ ಒಕ್ಕಲಿಗ ಅಜ್ಜಿಯರಿಗೆ ಚಿಗಟದ ವಿಷಯ ತಿಳಿದಿರಲಿಲ್ಲ, ಆದರೆ ಇಲಿಯ ಹೆಣದ ಅರ್ಥ ತಿಳಿದಿತ್ತು. ಸರ್ಕಾರ ಅವರನ್ನು ಮೊದಲು ಕೇಳಿದ್ದರೆ ಗಂಜಾಂನ ಗಲಭೆ ಆಗುತ್ತಿರಲಿಲ್ಲವೇನೋ. ಇದು ನನ್ನ ಊಹೆ ಮಾತ್ರ.

ಆ ಹೊತ್ತಿನಲ್ಲಿ ಕ್ರೈಸ್ತ ಮಿಷನ್ನುಗಳು ಆಸ್ಪತ್ರೆಗಳ ಕಡೆಗೆ ಹೊರಳಿದ್ದವು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1890ರಲ್ಲಿ ಕುಷ್ಠರೋಗಿಗಳಿಗೂ 1902ರಲ್ಲಿ ಪ್ಲೇಗು ರೋಗಿಗಳಿಗೂ ಆಸರೆ ಕಟ್ಟಿದರು. ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಸಂಸ್ಥೆಯ ಧರ್ಮಭಗಿನಿಯರ ಸಂತ ಮಾರ್ತಾ ಆಸ್ಪತ್ರೆ 1886ರಲ್ಲೇ ತೆರೆದಿತ್ತು. ಹಾಸನದಲ್ಲಿ ವೆಸ್ಲಿಯನ್ ಮಿಷನ್ನಿನವರ ರೆಡ್‌ಫರ್ನ್ ಆಸ್ಪತ್ರೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೆಣ್ಣುಮಕ್ಕಳ ಹೆರಿಗೆಗೆ ಹೆಸರಾಯಿತು. ಇವೆಲ್ಲ ಮಹತ್ತರವಾದ ಸೇವೆಗಳೇ. ಆದರೂ ಒಂದು ವ್ಯತ್ಯಾಸವನ್ನು ಗುರುತಿಸಬೇಕು: ಆಸ್ಪತ್ರೆಗೆ ರೋಗಿ ನಡೆದು ಬರುತ್ತಾನೆ, ದುಬೋಯ್ ಅವರ ದಾಕು ಆರೋಗ್ಯವಂತರ ಬಳಿಗೆ ತಾನೇ ನಡೆದು ಹೋಗಿತ್ತು. ಈ ಎರಡನೆಯ ಕೆಲಸವನ್ನು ಇಪ್ಪತ್ತನೆಯ ಶತಮಾನದಲ್ಲಿ ಹೆಚ್ಚಾಗಿ ಹೊತ್ತದ್ದು ಸರ್ಕಾರ.

ಮೈಸೂರು ಸಂಸ್ಥಾನ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಸಲಹೆ ಪಡೆದು 1929ರ ಹೊತ್ತಿಗೆ ಪ್ರತ್ಯೇಕ ಆರೋಗ್ಯ ಇಲಾಖೆಯನ್ನು ರೂಪಿಸಿತು. ಇಂದಿನ ರಾಮನಗರದಲ್ಲಿ, ಅಂದಿನ ಕ್ಲೋಸ್‌ಪೇಟೆಯಲ್ಲಿ, 1930ರ ದಶಕದಲ್ಲಿ ಗ್ರಾಮೀಣ ಆರೋಗ್ಯ ಘಟಕವೊಂದನ್ನು ಆರಂಭಿಸಿ ಹೆರಿಗೆ, ಲಸಿಕೆ, ಶೌಚ, ಶಾಲಾ ಮಕ್ಕಳ ತಪಾಸಣೆಗಳನ್ನು ಒಂದೇ ಸೂರಿನಡಿ ತಂದಿತು. ಸ್ವಾತಂತ್ರ್ಯಾನಂತರ ದೇಶದಾದ್ಯಂತ ಬಂದ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಪೂರ್ವರೂಪಗಳಲ್ಲಿ ಅದೂ ಒಂದು. ಮಲೇರಿಯಾ ಸಂಶೋಧನೆಗಾಗಿ ಸಂಸ್ಥಾನ ಆರಿಸಿಕೊಂಡ ಸ್ಥಳಗಳಲ್ಲಿ ಬೇಲೂರಿನ ನೆರೆಯ ಮೂಡಿಗೆರೆಯೂ ಸೇರಿತ್ತು.

ಮೂಡಿಗೆರೆಯನ್ನು ಆರಿಸಿದ್ದರಲ್ಲಿ ಅಚ್ಚರಿಯಿಲ್ಲ. ಬೇಲೂರಿನಿಂದ ಪಶ್ಚಿಮಕ್ಕೆ ಹೋದಂತೆ ಮಲೆನಾಡು ಆರಂಭವಾಗುತ್ತದೆ. ಚಳಿಜ್ವರದ ಭಯದಿಂದ ಬಯಲುಸೀಮೆಯವರು ಅಲ್ಲಿಗೆ ಹೆಣ್ಣು ಕೊಡಲು ಹಿಂಜರಿಯುತ್ತಿದ್ದರೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮಕ್ಕಳ ಹೊಟ್ಟೆಯಲ್ಲಿ ಜ್ವರಗಡ್ಡೆ ಬೆಳೆದು ಉಬ್ಬಿರುತ್ತಿತ್ತು. ವೈದ್ಯರು ಶಾಲೆಗೆ ಬಂದು ಹೊಟ್ಟೆ ಮುಟ್ಟಿ ನೋಡಿ, ಎಷ್ಟು ಮಕ್ಕಳಿಗೆ ಗಡ್ಡೆಯಿದೆಯೆಂದು ಎಣಿಸಿಯೇ ಊರಿನ ಮಲೇರಿಯಾವನ್ನು ಅಳೆಯುತ್ತಿದ್ದರು. ನಮ್ಮ ಜಿಲ್ಲೆಯ ವಿಶೇಷವೆಂದರೆ ಎರಡು ಬಗೆಯ ಭೂಮಿಗೆ ಎರಡು ಬಗೆಯ ಸೊಳ್ಳೆ. ಮಲೆನಾಡಿನ ಅಂಚಿನಲ್ಲಿ ಹರಿಯುವ ತೊರೆಗಳ ತಿಳಿನೀರಿನಲ್ಲಿ ಬೆಳೆಯುವ ಒಂದು ಜಾತಿ. ಅರಸೀಕೆರೆಯಂಥ ಬಯಲಿನಲ್ಲಿ ಬಾವಿ, ಕೆರೆ, ಕಾಲುವೆಗಳಲ್ಲಿ ಬೆಳೆಯುವ ಇನ್ನೊಂದು. ಹೊಯ್ಸಳರು ಕಟ್ಟಿಸಿದ ಕೆರೆಗಳು ಊರಿಗೆ ಅನ್ನ ಕೊಟ್ಟಂತೆ ಸೊಳ್ಳೆಗೂ ತಾಣ ಕೊಟ್ಟವು.

1945-46ರ ಸುಮಾರಿಗೆ ಅಂದಿನ ಮುಂಬೈ ಪ್ರಾಂತ್ಯದ ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಮನೆಯ ಒಳಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸಿ ಅದ್ಭುತ ಫಲ ಕಂಡರು. 1953ರಲ್ಲಿ ಅದು ರಾಷ್ಟ್ರೀಯ ಕಾರ್ಯಕ್ರಮವಾಯಿತು, 1958ರಲ್ಲಿ 'ನಿಯಂತ್ರಣ' ಎಂಬ ಮಾತು ಹೋಗಿ 'ನಿರ್ಮೂಲನ' ಎಂಬ ಮಾತು ಬಂತು. ಖಾಕಿ ತೊಟ್ಟ ಸಿಬ್ಬಂದಿ ಪಂಪು ಹೊತ್ತು ಬಂದರೆ ಮಡಕೆ ಕುಡಿಕೆಗಳನ್ನೆಲ್ಲ ಅಂಗಳಕ್ಕೆ ತರಬೇಕಿತ್ತು. ಅನಂತರ ಎರಡು ವಾರಕ್ಕೊಮ್ಮೆ ಒಬ್ಬ ಕಾರ್ಯಕರ್ತ ಬರುತ್ತಿದ್ದ. 'ಯಾರಿಗಾದರೂ ಜ್ವರ ಉಂಟಾ?' ಎಂದು ಕೇಳಿ, ಜ್ವರವಿದ್ದವರ ಬೆರಳು ಚುಚ್ಚಿ ಗಾಜಿನ ಪಟ್ಟಿಗೆ ರಕ್ತ ಒರೆಸಿಕೊಂಡು, ಕ್ಲೋರೋಕ್ವಿನ್ ಮಾತ್ರೆ ನುಂಗಿಸಿ, ಗೋಡೆಯ ಮೇಲೆ ದಿನಾಂಕ ಬರೆದು ಹೋಗುತ್ತಿದ್ದ. ಬಾಗಿಲ ಪಟ್ಟಿಗೆ ಗುರುತು ಹಾಕಿದ ಮನೆಗಳನ್ನು ಮೃತ್ಯು ದಾಟಿಹೋದ ವಿಮೋಚನಕಾಂಡದ ಆ ರಾತ್ರಿಯನ್ನು ಓದುವಾಗಲೆಲ್ಲ ನನ್ನ ಬಾಲ್ಯದ ಮನೆಯ ಆ ಗೇರು ಅಂಕಿಗಳೇ ಕಣ್ಣ ಮುಂದೆ ಬರುತ್ತವೆ. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ತಗಲಿ 8 ಲಕ್ಷ ಮಂದಿ ಸಾಯುತ್ತಿದ್ದರೆಂದು ಅಂದಾಜು. 1965ರಲ್ಲಿ ದಾಖಲಾದ ಪ್ರಕರಣಗಳು ಸುಮಾರು 1 ಲಕ್ಷ, ಸಾವು ಇಲ್ಲ.

ಗೆದ್ದೆವೆಂದು ಕೈ ಸಡಿಲಿಸಿದ್ದೇ ತಪ್ಪಾಯಿತು. ಸೊಳ್ಳೆ ಔಷಧಕ್ಕೆ ಬಗ್ಗದಾಯಿತು, ಹಣ ಕಡಿಮೆಯಾಯಿತು, ಬರುವವರು ಬರದಾದರು. 1976ರಲ್ಲಿ ಪ್ರಕರಣಗಳು 64 ಲಕ್ಷಕ್ಕೆ ಏರಿದವು. ಆದರೆ ಸಿಡುಬಿನ ವಿಷಯದಲ್ಲಿ ಕೈ ಸಡಿಲಿಸಲಿಲ್ಲ. ಸಿಡುಬು ತಗಲಿದ ಮಗುವಿನ ಚಿತ್ರವಿದ್ದ ಚೀಟಿಯನ್ನು ಹಿಡಿದು ಕಾರ್ಯಕರ್ತರು ಸಂತೆಯಲ್ಲಿ, ಶಾಲೆಯಲ್ಲಿ 'ಇಂಥ ರೋಗಿಯನ್ನು ಕಂಡಿರಾ?' ಎಂದು ಕೇಳುತ್ತ ಹೋದರು. ಸುದ್ದಿ ಕೊಟ್ಟವರಿಗೆ ಕೊನೆಕೊನೆಗೆ 1,000 ರೂಪಾಯಿ ಬಹುಮಾನವಿತ್ತು, ಅಂದಿನ ದಿನಗಳಲ್ಲಿ ಅದು ಚಿಕ್ಕ ಹಣವಲ್ಲ. 1975ರ ಮೇ ತಿಂಗಳಲ್ಲಿ ಅಸ್ಸಾಮಿನಲ್ಲಿ ದೇಶದ ಕೊನೆಯ ರೋಗಿ ಪತ್ತೆಯಾದಳು.

ಅದೇ 1975ರ ಜೂನಿನಲ್ಲಿ ತುರ್ತು ಪರಿಸ್ಥಿತಿ ಬಂತು. ಇಲ್ಲಿ ನಾನು ಸ್ವಲ್ಪ ನಿಲ್ಲಲೇಬೇಕು.

1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಗುರಿ ಮುಟ್ಟದವರ ಸಂಬಳಕ್ಕೆ ಕತ್ತರಿ ಬೀಳುವ ಭಯವಿತ್ತು. ಜ್ವರ ವಿಚಾರಿಸಲು ಬರುತ್ತಿದ್ದ ಅದೇ ಕಾರ್ಯಕರ್ತ, ಬಾಣಂತಿಯನ್ನು ನೋಡಲು ಬರುತ್ತಿದ್ದ ಅದೇ ನರ್ಸಮ್ಮ, ಈಗ 'ಕೇಸು' ಹುಡುಕಿಕೊಂಡು ಬರಬೇಕಾಯಿತು. ಎಷ್ಟೋ ಮನೆಗಳ ಬಾಗಿಲು ಮುಚ್ಚಿಕೊಂಡವು. ಖಾಕಿ ಕಂಡೊಡನೆ ಗಂಡಸರು ಹಿತ್ತಲಿನಿಂದ ತೋಟಕ್ಕೆ ಹೋಗುತ್ತಿದ್ದುದನ್ನು ನಾನು ಚಿಕ್ಕವನಾಗಿದ್ದಾಗ ಕಂಡಿದ್ದೇನೆ. ಇದೇ ಮೈಸೂರು ಸರ್ಕಾರ 1930ರಲ್ಲಿ ಬೆಂಗಳೂರು, ಮೈಸೂರುಗಳ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಸಲಹಾ ಕೇಂದ್ರಗಳನ್ನು ತೆರೆದು ಜಗತ್ತಿನ ಗಮನ ಸೆಳೆದಿತ್ತು. ಬಯಸಿ ಬಂದವರಿಗೆ ಸಲಹೆ ಕೊಡುವ ಆ ಕ್ರಮಕ್ಕೂ ಈ ಬಲವಂತಕ್ಕೂ ಅಜಗಜಾಂತರ.

ನಮ್ಮ ಧರ್ಮಸಭೆಗೆ ಈ ವಿಷಯದಲ್ಲಿ ತನ್ನದೇ ಆದ ನಿಲುವಿದೆ. 1968ರಲ್ಲಿ ಪೋಪ್ ಆರನೇ ಪೌಲರು ಅದನ್ನು ವಿಶ್ವಪತ್ರದಲ್ಲಿ ಸ್ಪಷ್ಟಪಡಿಸಿದ್ದರು. ಬಲವಂತವನ್ನು ವಿರೋಧಿಸಿದ್ದು ಸರಿಯಾಗಿಯೇ ಇತ್ತು. ಆದರೆ ಆ ವಿರೋಧದ ನೆರಳು ಬೇರೆಡೆಗೂ ಬಿದ್ದಿತೆಂಬುದನ್ನು ನಾವು ಒಪ್ಪಿಕೊಳ್ಳಬೇಕು. ನರ್ಸಮ್ಮನ ಚೀಲದಲ್ಲಿ ಬೇರೆ ಏನೇನಿತ್ತೆಂದು ಕೇಳದೆ ನಾವು ಅವಳಿಂದ ದೂರ ನಿಂತೆವು. ಅವಳ ಚೀಲದಲ್ಲಿ ನಾಯಿಕೆಮ್ಮು, ಧನುರ್ವಾಯುಗಳ ಲಸಿಕೆಯೂ ಇತ್ತು, ಬಸುರಿಯರಿಗೆ ಕಬ್ಬಿಣಾಂಶದ ಗುಳಿಗೆಯೂ ಇತ್ತು. ದುಬೋಯ್ ತಾವೇ ಹೊತ್ತು ನಡೆದ ಚೀಲವನ್ನು ಅವರ ಉತ್ತರಾಧಿಕಾರಿಗಳಾದ ನಾವು ಅನುಮಾನದಿಂದ ನೋಡಿದೆವು.

ನನ್ನ ಸ್ವಂತ ತಪ್ಪೊಂದನ್ನು ಹೇಳಿಬಿಡುತ್ತೇನೆ. ಗುರುದೀಕ್ಷೆಯಾದ ಕೆಲ ವರ್ಷಗಳಲ್ಲಿ ಈ ಸೀಮೆಯ ಒಂದು ಧರ್ಮಕೇಂದ್ರದಲ್ಲಿದ್ದಾಗ ಪಲ್ಸ್ ಪೋಲಿಯೊ ನಡೆಯುತ್ತಿತ್ತು. 1995ರಲ್ಲಿ ದೇಶವ್ಯಾಪಿಯಾಗಿ ಆರಂಭವಾದ ಆ ಕಾರ್ಯಕ್ರಮದ ಹನಿಯಿಂದ ಮಕ್ಕಳಿಗೆ ಮುಂದೆ ಸಂತಾನವಾಗುವುದಿಲ್ಲವೆಂಬ ಗಾಳಿಮಾತು ಎಲ್ಲೆಡೆ ಹಬ್ಬಿತ್ತು. ತುರ್ತು ಪರಿಸ್ಥಿತಿಯ ನೆನಪು ಅಷ್ಟು ಬೇಗ ಸಾಯುವಂಥದಲ್ಲ. ನಮ್ಮಲ್ಲೂ ನಾಲ್ಕಾರು ಮನೆಗಳು ಹಿಂಜರಿದವು. ಉಪಕೇಂದ್ರದ ನರ್ಸಮ್ಮ ಶನಿವಾರ ಸಂಜೆ ಬಂದು, 'ಫಾದರ್, ನಾಳೆ ಪೂಜೆ ಮುಗಿದ ಮೇಲೆ ನೀವೊಂದು ಮಾತು ಹೇಳಿ, ನಾವು ಹೇಳಿದರೆ ನಂಬೋದಿಲ್ಲ' ಎಂದು ಕೇಳಿಕೊಂಡಳು. ಆಗಲೆಂದೆ. ಭಾನುವಾರ ಬಲಿಪೂಜೆಯ ಪ್ರಕಟಣೆಗಳಲ್ಲಿ ಹಬ್ಬದ ವಂತಿಗೆಯ ವಿಷಯ ಹೇಳಿದೆ, ಪೋಲಿಯೊ ವಿಷಯ ಹೇಳಲಿಲ್ಲ. ಮರೆವೆಂದು ಹೇಳಬಹುದು. ನಿಜದಲ್ಲಿ, ಸರ್ಕಾರದ ಕೆಲಸ ನನಗೇಕೆ ಎಂಬ ಉದಾಸೀನ ಅದು. ಆಕೆ ಏನೂ ಅನ್ನಲಿಲ್ಲ. ಆ ಮನೆಗಳಿಗೆ ಮೂರು ಸಲ ನಡೆದಳು. ಮೂರನೆಯ ಸಲ ಬಾಗಿಲುಗಳು ತೆರೆದವು. ಮಕ್ಕಳ ಎಡಗೈ ಕಿರುಬೆರಳಿಗೆ ಶಾಯಿ ಬಿತ್ತು, ಚೌಕಟ್ಟಿನ ಮೇಲೆ ಸೀಮೆಸುಣ್ಣದ ಗುರುತು ಬಿತ್ತು. 2003ರಲ್ಲಿ ಕರ್ನಾಟಕದ ಕೆಲ ಜಿಲ್ಲೆಗಳಲ್ಲಿ ಪೋಲಿಯೊ ಮತ್ತೆ ಕಾಣಿಸಿಕೊಂಡಿತೆಂಬ ಸುದ್ದಿ ಓದಿದ ದಿನ ನಾನು ಮೊದಲು ನೆನೆದದ್ದು ಆ ಭಾನುವಾರವನ್ನು. ಮುಂದೆ 2011ರ ಜನವರಿಯ ಬಳಿಕ ದೇಶದಲ್ಲಿ ಕಾಡು ಪೋಲಿಯೊ ಪ್ರಕರಣ ಕಾಣಲಿಲ್ಲ. 2014ರ ಮಾರ್ಚಿನಲ್ಲಿ ಭಾರತ ಪೋಲಿಯೊ ಮುಕ್ತವೆಂದು ಘೋಷಿತವಾಯಿತು.

ಈ ನಡುವೆ ಮಲೇರಿಯಾದವರೂ ಪಾಠ ಕಲಿತಿದ್ದರು. ಕೋಲಾರ ಜಿಲ್ಲೆಯ ಕಾಮಸಮುದ್ರದ ಕಡೆ ರೇಷ್ಮೆ ಬೆಳೆಗಾರರು ಹುಳು ಸಾಯುತ್ತದೆಂದು ಮನೆಗೆ ಔಷಧ ಹೊಡೆಸಿಕೊಳ್ಳಲು ಒಪ್ಪುತ್ತಿರಲಿಲ್ಲ. ಅವರೊಡನೆ ಜಗಳವಾಡದೆ, 1990ರ ದಶಕದಲ್ಲಿ ವಿಜ್ಞಾನಿಗಳು ಬಾವಿಗಳಿಗೆ ಗಪ್ಪಿ ಎಂಬ ಪುಟ್ಟ ಮೀನುಗಳನ್ನು ಬಿಟ್ಟರು. ಮೀನು ಸೊಳ್ಳೆಯ ಮರಿಗಳನ್ನು ತಿಂದಿತು; ಮಲೇರಿಯಾ ಇಳಿಯಿತು. ಬಯಲುಸೀಮೆಯ ಬಾವಿಗಳಿಗೆ ಹೇಳಿ ಮಾಡಿಸಿದಂಥ ಉಪಾಯ. ಆದರೆ 2006ರಲ್ಲಿ ಚಿಕುನ್‌ಗುನ್ಯ ಬಂದು ರಾಜ್ಯದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳಾದಾಗ ಬಾವಿಯ ಮೀನು ಸಾಲದಾಯಿತು. ಅದನ್ನು ಹರಡುವ ಸೊಳ್ಳೆ ತೊಟ್ಟಿ, ಟೈರು, ಒಡೆದ ತೆಂಗಿನ ಚಿಪ್ಪುಗಳಲ್ಲಿ ನಿಂತ ನೀರಿನಲ್ಲಿ ಬೆಳೆಯುತ್ತದೆ. ತೆಂಗಿನ ನಾಡಾದ ಅರಸೀಕೆರೆಯಲ್ಲಿ ಎಷ್ಟು ಚಿಪ್ಪುಗಳೆಂದು ಯಾವ ಇಲಾಖೆ ಎಣಿಸೀತು? ಮನೆಯವರೇ ಮಗುಚಿ ಹಾಕಬೇಕು.

2005ರ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಬಂದ ಆಶಾ ಕಾರ್ಯಕರ್ತೆಯರು ಈ ಸುದೀರ್ಘ ಸಾಲಿನ ಇತ್ತೀಚಿನವರು. ಸುಮಾರು 1,000 ಜನಸಂಖ್ಯೆಗೆ ಒಬ್ಬರಂತೆ, ಅದೇ ಊರಿನ ಸೊಸೆ, ಅದೇ ಊರಿನ ಮಾತು. ಕೋವಿಡ್ ಕಾಲದಲ್ಲಿ ನಾವು ಚರ್ಚಿನ ಬಾಗಿಲು ಮುಚ್ಚಿ ಒಳಗಿದ್ದಾಗ ಮನೆಮನೆಗೆ ಹೋದವರು ಇವರೇ. ಅವರಿಗೆ ಸಂಬಳವಿಲ್ಲ, ಗೌರವಧನ, ಪ್ರೋತ್ಸಾಹಧನ. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಬಯಲಲ್ಲಿ ಕುಳಿತು ತಿಂಗಳಿಗೆ ನಿಗದಿತ ಗೌರವಧನ ಕೇಳಬೇಕಾಯಿತು. ನಮ್ಮ ಪ್ರಬೋಧನೆಗಳಲ್ಲಿ ದುಡಿಮೆಗಾರನ ಕೂಲಿಯ ಕುರಿತು ಬಹಳ ಮಾತನಾಡುತ್ತೇವೆ. ಆ ದಿನಗಳಲ್ಲಿ ಅವರ ಹೆಸರೆತ್ತಿದ ಗುರುಗಳು ಎಷ್ಟು ಮಂದಿಯೋ ತಿಳಿಯದು.

ಅದೇ ವರ್ಷದ ಮೇ-ಜೂನ್ ತಿಂಗಳುಗಳಲ್ಲಿ ನಮ್ಮ ಹಾಸನ ಜಿಲ್ಲೆಯ ಹೆಸರು ಬೇರೊಂದು ಕಾರಣಕ್ಕೆ ದೇಶದ ಪತ್ರಿಕೆಗಳಲ್ಲಿ ಬಂದಿತು. ಸುಮಾರು 40 ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ, ಅವರಲ್ಲಿ ಕೆಲವರು ತೀರ ಚಿಕ್ಕ ವಯಸ್ಸಿನವರು, ಹೃದಯಾಘಾತದಿಂದ ತೀರಿಕೊಂಡರೆಂಬ ಸುದ್ದಿ. ಮೈಸೂರು, ಬೆಂಗಳೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿ ಜನ ನಿಂತರು. ಕೋವಿಡ್ ಲಸಿಕೆಯೇ ಕಾರಣವೆಂಬ ಗಾಳಿಮಾತು ನೂರಿಪ್ಪತ್ತು ವರ್ಷ ಹಿಂದಿನ ಪ್ಲೇಗಿನ ಭಯದಷ್ಟೇ ವೇಗವಾಗಿ ಹರಡಿತು. ಜಯದೇವ ಸಂಸ್ಥೆಯ ಅಂದಿನ ನಿರ್ದೇಶಕ ಡಾ. ಕೆ. ಎಸ್. ರವೀಂದ್ರನಾಥ್ ಅವರ ನೇತೃತ್ವದ ತಜ್ಞರು ಪರಿಶೀಲಿಸಿ, ಹಿಂದಿನ ಅವಧಿಗಿಂತ ಅಸಹಜವಾದ ಏರಿಕೆ ಕಂಡುಬಂದಿಲ್ಲವೆಂದೂ ಲಸಿಕೆಯ ನಂಟು ಕಾಣಲಿಲ್ಲವೆಂದೂ ವರದಿಯಿತ್ತರು. ಧೂಮಪಾನ, ಮದ್ಯ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೊಜ್ಜು ಇವೇ ಹಳೆಯ ಕಾರಣಗಳು. ಯಾವ ದಾಕಿನಿಂದಲೂ ತಡೆಯಲಾಗದ ರೋಗಗಳು ಇವು. ತಾಲ್ಲೂಕು ಆಸ್ಪತ್ರೆಗಳಲ್ಲಿ ಎದೆನೋವಿಗೆ ಕೂಡಲೇ ಇ.ಸಿ.ಜಿ. ತೆಗೆದು ದೂರದ ತಜ್ಞರಿಗೆ ಕಳುಹಿಸಿ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದಿದೆ. ಮೂವತ್ತು ದಾಟಿದವರ ಮನೆಬಾಗಿಲಿಗೇ ಹೋಗಿ ಒತ್ತಡ, ಸಕ್ಕರೆ, ಕ್ಯಾನ್ಸರುಗಳ ಲಕ್ಷಣ ನೋಡುವ ಗೃಹ ಆರೋಗ್ಯ ಯೋಜನೆ 2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಆರಂಭವಾಗಿ 2025ರಲ್ಲಿ ಇತರ ಜಿಲ್ಲೆಗಳಿಗೆ ವಿಸ್ತರಿಸಿತು. ಜ್ವರವಿದ್ದವರನ್ನು ಹುಡುಕುವುದಕ್ಕಿಂತ ಇದು ಕಷ್ಟ. ನೋವೇ ಇಲ್ಲದವನಿಗೆ ನಿನಗೆ ಕಾಯಿಲೆಯಿದೆ ಎಂದು ಹೇಳಿ ನಂಬಿಸಬೇಕು.

ಕೆಲ ತಿಂಗಳ ಹಿಂದೆ ನಮ್ಮ ಧರ್ಮಕೇಂದ್ರದ ಸಭಾಂಗಣದಲ್ಲಿ ಭಾನುವಾರದ ಬಲಿಪೂಜೆಯ ನಂತರ ಆಶಾ ಕಾರ್ಯಕರ್ತೆಯೂ ಉಪಕೇಂದ್ರದ ಆರೋಗ್ಯ ಅಧಿಕಾರಿಯೂ ಮೇಜು ಹಾಕಿಕೊಂಡು ಕುಳಿತಿದ್ದರು. ಈ ಸಲ ಪ್ರಕಟಣೆಯನ್ನು ನಾನು ಮೂರು ವಾರ ಮುಂಚಿನಿಂದಲೇ ಓದಿದ್ದೆ. ಆದರೂ ಗಂಡಸರು ಕಂಬದ ಹಿಂದೆ ಗುಂಪಾಗಿ ನಿಂತು, ಯಾರು ಮೊದಲು ಹೋಗುವರೋ ನೋಡೋಣವೆಂಬಂತೆ ಕಾಯುತ್ತಿದ್ದರು. ನಾನು ಹೋಗಿ ಕುರ್ಚಿಯಲ್ಲಿ ಕುಳಿತು ನಿಲುವಂಗಿಯ ತೋಳು ಮೇಲೆತ್ತಿದೆ. ಪಟ್ಟಿ ಸುತ್ತುತ್ತಿದ್ದ ಆಶಾ ಕಾರ್ಯಕರ್ತೆ ನನ್ನ ಮುಂದೋಳಿನ ಮೇಲಿನ ಕಲೆಯನ್ನು ಕಂಡು, 'ಇದೇನು ಫಾದರ್, ಸುಟ್ಟುಕೊಂಡಿದ್ರಾ?' ಎಂದು ಕೇಳಿದಳು. ದಾಕು ಎಂದೆ. ಆಕೆಗೆ ಆ ಮಾತು ಗೊತ್ತಿರಲಿಲ್ಲ. ಕಂಬದ ಹಿಂದಿದ್ದ ಎಪ್ಪತ್ತು ದಾಟಿದ ಒಬ್ಬರು, 'ನನಗೂ ಐತಮ್ಮ, ಎರಡೈತೆ, ನೋಡು' ಎಂದು ಅಂಗಿಯ ಗುಂಡಿ ಬಿಚ್ಚುತ್ತ ಮೇಜಿನ ಬಳಿಗೆ ಬಂದರು. ಅವರ ಹಿಂದೆ ಇನ್ನಿಬ್ಬರು ಬಂದರು.